ಹಳದಿ ಗಾಡಿಯ ವಾಸನೆ

ಹಳೆಯ ಕಾರನ್ನು ಮೊದಲು ಮೂಗಿನಿಂದ ನೋಡಬೇಕು, ಆಮೇಲೆ ಕಣ್ಣಿನಿಂದ. ಇದನ್ನು ನನಗೆ ಕಲಿಸಿದವರು ರಾಯಚೂರಿನಲ್ಲಿ ನಾನು ಕೆಲಸ ಕಲಿತ ಗ್ಯಾರೇಜಿನ ಉಸ್ತಾದರು. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ನಮ್ಮ ಕನ್ನಡ, ಸಿಟ್ಟು ಬಂದರೆ ಎರಡನ್ನೂ ಕಲಸಿ ಬೈಯುತ್ತಿದ್ದ ಮನುಷ್ಯ. ಬಣ್ಣ ಸುಳ್ಳು ಹೇಳುತ್ತದೆ, ಮೀಟರು ಸುಳ್ಳು ಹೇಳುತ್ತದೆ, ಮಾಲೀಕನಂತೂ ಹೇಳಿಯೇ ಹೇಳುತ್ತಾನೆ, ಆದರೆ ಬಾಗಿಲು ತೆಗೆದ ಕೂಡಲೇ ಬರುವ ವಾಸನೆಗೆ ಸುಳ್ಳು ಬರುವುದಿಲ್ಲ ಎನ್ನುತ್ತಿದ್ದರು. ಸುಟ್ಟ ಎಣ್ಣೆ, ಇಲಿ, ಹೊಸ ಪೇಂಟು, ಒದ್ದೆ ಗೋಣಿಚೀಲ, ಇವನ್ನು ಕಣ್ಣು ಮುಚ್ಚಿ ಬೇರೆ ಬೇರೆ ಗುರುತಿಸುವ ತನಕ ನನಗೆ ನಟ್ಟು ಬಿಚ್ಚುವ ಪಾನಾ ಮುಟ್ಟಲು ಕೊಡಲಿಲ್ಲ.

ಉಸ್ತಾದರು ತೀರಿಕೊಂಡ ಮೇಲೆ ನಾನು ನನ್ನದೇ ಗ್ಯಾರೇಜು ಇಟ್ಟೆ. ಗ್ಯಾರೇಜಿಗಿಂತ ಹೆಚ್ಚು ಹೆಸರು ಬಂದದ್ದು ನನ್ನ ಮೂಗಿಗೆ. ಮಾನ್ವಿ, ದೇವದುರ್ಗ, ಕಲ್ಮಲದ ಕಡೆಯ ಜನ ಹಳೆ ಗಾಡಿ ಕೊಳ್ಳುವ ಮೊದಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನಾನು ಬೇಡ ಎಂದರೆ ಬೇಡ. ನನ್ನಿಂದ ವ್ಯಾಪಾರ ಮುರಿದುಕೊಂಡ ಒಬ್ಬ ಮಾಲೀಕ ಹೊಟ್ಟೆ ಉರಿದು ನನ್ನನ್ನು ನಾಯಿ ಮೂಗಿನವ ಎಂದು ಬೈದ. ನಾನು ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದೆ, ಚಹಾದಂಗಡಿಯಲ್ಲಿ ನಾನೇ ಹೇಳಿ ನಾನೇ ನಗುತ್ತಿದ್ದೆ. ಅಷ್ಟು ಸೊಕ್ಕು ನನಗೆ. ಆ ಸೊಕ್ಕು ಇಳಿದದ್ದು ನನ್ನ ಸ್ವಂತ ಅಕ್ಕನ ಮನೆ ಮುಂದೆ.

ಅಕ್ಕ ಅರಕೇರಾದಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಮನೆ ಮಾನ್ವಿಯಲ್ಲಿ, ಬಾಡಿಗೆಯದು. ದಿನಾ ಬಸ್ಸು ಬದಲಿಸಿ ಹೋಗಿ ಬರುತ್ತಾಳೆ. ನಮ್ಮದು ಕೂಲಿ ಮಾಡಿ ಉಂಡ ಕುಟುಂಬ. ಅವ್ವ ಹತ್ತಿ ಬಿಡಿಸಿ, ಗದ್ದೆಯಲ್ಲಿ ಸಸಿ ಹಚ್ಚಿ ಅವಳನ್ನು ಓದಿಸಿದಳು. ನಮ್ಮ ಮನೆತನದಲ್ಲಿ ತಿಂಗಳ ಪಗಾರ ಕಂಡ ಮೊದಲ ಹೆಂಗಸು ಅವಳು, ತನ್ನ ಹೆಸರಿನಲ್ಲಿ ಒಂದು ತುಂಡು ನೆಲ ಕಂಡವಳೂ ಅವಳೇ. ರಾಯಚೂರಿನ ಹೊರಗೆ ರಸ್ತೆಗೆ ಕಾಣುವ ಹಾಗೆ ಒಂದು ಸೈಟು. ವರ್ಷಗಟ್ಟಲೆ ಕೂಡಿಟ್ಟು ಕೊಂಡದ್ದು. ಬಸ್ಸಿನಲ್ಲಿ ಆ ಕಡೆ ಬಂದಾಗಲೆಲ್ಲ ಸೀಟಿನಿಂದ ಅರ್ಧ ಎದ್ದು ಅದನ್ನು ನೋಡುತ್ತಿದ್ದಳು. ಶಾಲೆಯ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಮನೆಯ ನಕ್ಷೆ ಬರೆದಿಟ್ಟಿದ್ದಳು. ಅಡುಗೆಮನೆಗೆ ಎರಡು ಕಿಟಕಿ, ಏಕೆಂದರೆ ಬಾಡಿಗೆ ಮನೆಯ ಅಡುಗೆಮನೆಗೆ ಒಂದೂ ಇರಲಿಲ್ಲ.

ಅವಳ ಗಂಡ, ನಾನು ಮಾಮಾ ಎಂದು ಕರೆಯುವ ನನ್ನ ಭಾವ, ಮಾನ್ವಿಯಲ್ಲಿ ಶಾಮಿಯಾನದ ಅಂಗಡಿ ನಡೆಸುತ್ತಿದ್ದ. ಕುರ್ಚಿ, ಪಾತ್ರೆ, ಪೆಂಡಾಲು, ಮದುವೆ ಮೆರವಣಿಗೆಗೆ ಕುದುರೆ. ಕೆಟ್ಟ ಮನುಷ್ಯ ಅಲ್ಲ. ಕುಡಿಯುತ್ತಿರಲಿಲ್ಲ, ಜೂಜಾಡುತ್ತಿರಲಿಲ್ಲ, ಆದರೆ ಯಾರಾದರೂ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರೆ ಅಲ್ಲೇ ಕರಗಿಬಿಡುತ್ತಿದ್ದ. ಮದುಮಕ್ಕಳು ಈಗ ಕುದುರೆ ಬೇಡ ಅನ್ನುತ್ತಾರೆ, ಮೇಲೆ ತೆರೆದ ಕಾರು ಬೇಕು ಅನ್ನುತ್ತಾರೆ ಎಂದು ಒಂದು ವರ್ಷದಿಂದ ಹೇಳುತ್ತಿದ್ದ. ಹೈದರಾಬಾದಿನ ದಲ್ಲಾಳಿಯೊಬ್ಬ ಅವನಿಗೆ ಒಂದು ಹಳದಿ ಸ್ಪೋರ್ಟ್ಸ್ ಕಾರಿನ ಚಿತ್ರ ಕಳಿಸಿದ. ವಿದೇಶದ್ದು, ಹನ್ನೆರಡು ವರ್ಷ ಹಳೆಯದು, ಬಹಳ ಕಡಿಮೆ ಓಡಿದ್ದು, ಹೊಸದರ ಬೆಲೆಯ ಕಾಲು ಭಾಗವೂ ಇಲ್ಲ. ಎರಡು ಸೀಜನ್ ಬಾಡಿಗೆಗೆ ಬಿಟ್ಟು ಅದೇ ಬೆಲೆಗೆ ಮಾರಬಹುದು, ಇಂಥ ಗಾಡಿಗಳ ಬೆಲೆ ಇಳಿಯುವುದಿಲ್ಲ ಎಂದು ಆ ದಲ್ಲಾಳಿ ಹೇಳಿದ್ದನ್ನು ಭಾವ ನನಗೆ ಪಾಠ ಒಪ್ಪಿಸಿದ.

ನಾನು ಫೋನಿನಲ್ಲೇ ಉರಿದುಬಿದ್ದೆ. ನಮ್ಮ ಕಡೆ ಓಡುವ ಸಾಮಾನ್ಯ ಕಾರಾದರೆ ಅದರ ಬೆಲೆಯನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ, ಏಕೆಂದರೆ ಅದನ್ನು ಕೊಳ್ಳಲು ಹತ್ತು ಜನ ಇದ್ದಾರೆ, ಅದರ ಸಾಮಾನು ಸ್ಟೇಷನ್ ರಸ್ತೆಯಲ್ಲೇ ಸಿಗುತ್ತದೆ. ಈ ಹಳದಿ ದೇವರನ್ನು ಕೊಳ್ಳುವವರು ಜಿಲ್ಲೆಯಲ್ಲಿ ಎಷ್ಟು ಜನ? ಕೊಳ್ಳುವವ ಇಲ್ಲದ ಮೇಲೆ ಬೆಲೆ ಅನ್ನುವುದು ಎಲ್ಲಿಂದ ಬರುತ್ತದೆ? ಕಡಿಮೆ ಓಡಿದೆ ಅನ್ನುವುದೂ ಒಳ್ಳೆಯ ಮಾತಲ್ಲ, ನಿಂತ ಗಾಡಿಯಲ್ಲಿ ರಬ್ಬರು ಒಣಗುತ್ತದೆ, ವೈರು ಇಲಿಯ ಪಾಲಾಗುತ್ತದೆ ಎಂದೆಲ್ಲ ಹೇಳಿದೆ. ಭಾವ ಹೂಂ ಹೂಂ ಅಂದ. ಹದಿನೈದು ದಿನದಲ್ಲಿ ಅಕ್ಕನ ಮನಸ್ಸು ತಿರುಗಿಸಿ ಸೈಟು ಮಾರಿಸಿದ. ಎರಡು ವರ್ಷ ತಾಳು, ಸೈಟೂ ಬರುತ್ತದೆ, ಮೇಲೆ ಮನೆಯೂ ಏಳುತ್ತದೆ ಎಂದಿದ್ದನಂತೆ. ದಲ್ಲಾಳಿಗೆ ಸಣ್ಣ ಮುಂಗಡ ಹೋಯಿತು. ಉಳಿದ ದುಡ್ಡನ್ನು ಅಕ್ಕ ತನ್ನ ಖಾತೆಯಲ್ಲೇ ಇಟ್ಟುಕೊಂಡು ಒಂದು ಷರತ್ತು ಹಾಕಿದಳು. ನನ್ನನ್ನೂ ಫೋನಿಗೆ ತೆಗೆದುಕೊಂಡು, ಇಬ್ಬರಿಗೂ ಕೇಳುವ ಹಾಗೆ ಹೇಳಿದಳು.

"ನನ್ನ ತಮ್ಮ ಬಂದು ನೋಡಿ ಹೂಂ ಅಂದ್ರ ಉಳಿದ ರೊಕ್ಕ ಹಾಕ್ತೀನಿ. ಅವ ಬ್ಯಾಡಂದ್ರ ಬ್ಯಾಡ."

ಗಾಡಿ ಹೈದರಾಬಾದಿನಿಂದ ಲಾರಿಯ ಮೇಲೆ ಬಂದದ್ದು ಅಮಾವಾಸ್ಯೆಯ ದಿನ. ನಮ್ಮ ಕಡೆ ಗಾಡಿ ಪೂಜೆಗೆ ಅಮಾವಾಸ್ಯೆಯೇ ಶ್ರೇಷ್ಠ. ನಾನು ಬೆಳಗ್ಗೆಯೇ ಹೊರಟಿರಬೇಕಿತ್ತು. ಗ್ಯಾರೇಜಿನಲ್ಲಿ ಒಂದು ಸಣ್ಣ ಸರಕಿನ ಗಾಡಿಯ ಬ್ರೇಕು ಮುಗಿಸಿ ಹೋಗೋಣ ಎಂದು ನಿಂತೆ. ಮಾನ್ವಿ ಮುಟ್ಟಿದಾಗ ಹನ್ನೊಂದು ಗಂಟೆ. ಅಷ್ಟರಲ್ಲಿ ಪೂಜೆ ಮುಗಿದೇ ಹೋಗಿತ್ತು.

ಗಾಡಿ ಮನೆ ಮುಂದೆ ನಿಂತಿತ್ತು. ನಿಜ ಹೇಳುತ್ತೇನೆ, ಚೆಂದ ಇತ್ತು. ಮೂತಿಗೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ನೆಲಕ್ಕೆ ತಾಗುವಷ್ಟು ತಗ್ಗು. ಗಾಲಿಗೆ ಸಿಕ್ಕಿ ನಾಲ್ಕು ನಿಂಬೆಹಣ್ಣು ಒಡೆದಿದ್ದವು, ತೆಂಗಿನಕಾಯಿಯ ನೀರು ಇನ್ನೂ ಆರಿರಲಿಲ್ಲ. ಓಣಿಯ ಜನವೆಲ್ಲ ಸೇರಿದ್ದರು. ದಲ್ಲಾಳಿಯ ಕಡೆಯ ಮನುಷ್ಯ ಉಳಿದ ದುಡ್ಡಿಗಾಗಿ ಲಾರಿಗೆ ಒರಗಿ ನಿಂತಿದ್ದ. ಲಾರಿ ಹಾಗೇ ಇತ್ತು, ಬೇಡ ಎಂದರೆ ಗಾಡಿಯನ್ನು ತಿರುಗಿ ಹೊತ್ತುಕೊಂಡು ಹೋಗಲು ತಯಾರಿತ್ತು. ಇದನ್ನು ಯಾಕೆ ಹೇಳುತ್ತೇನೆಂದರೆ, ಆ ಹೊತ್ತಿನಲ್ಲಿ ನಾನು ಬೇಡ ಅಂದಿದ್ದರೆ ಹೋಗುತ್ತಿದ್ದದ್ದು ಮುಂಗಡ ಒಂದೇ.

ನಾನು ಬಾಗಿಲು ತೆಗೆದೆ. ಊದುಬತ್ತಿ, ಕರ್ಪೂರ, ಯಾವುದೋ ಸೆಂಟು, ಅವುಗಳ ಅಡಿಯಲ್ಲಿ ಒದ್ದೆ ಗೋಣಿಚೀಲ. ಒಳಗೆ ಕೂತು ಸೀಟುಬೆಲ್ಟನ್ನು ಕೊನೆಯವರೆಗೆ ಎಳೆದೆ. ಗಾಡಿ ತೊಳೆಯುವವರು ಎಲ್ಲ ತೊಳೆಯುತ್ತಾರೆ, ಬೆಲ್ಟಿನ ಒಳಗೆ ಸುತ್ತಿಕೊಂಡ ಕೊನೆಯ ಗೇಣನ್ನು ತೊಳೆಯುವುದಿಲ್ಲ. ಅಲ್ಲಿ ಕಂದು ಬಣ್ಣದ ರಾಡಿ ಒಣಗಿ ಗೆರೆಯಾಗಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಎಲ್ಲೋ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಮಳೆನೀರು ನುಗ್ಗಿ ಈ ಗಾಡಿ ಸೀಟಿನ ಮಟ್ಟಕ್ಕೆ ಮುಳುಗಿತ್ತು. ಅನುಮಾನವೇ ಇರಲಿಲ್ಲ. ನಾನು ಬೆಲ್ಟನ್ನು ಬಿಟ್ಟೆ, ಅದು ಸರ್ರನೆ ಒಳಗೆ ಹೋಯಿತು.

ಪೂಜೆಯಾದ ಗಾಡಿಗೆ ಯಾರೂ ಹೆಸರಿಡುವುದಿಲ್ಲ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಕಾಯಿ ಒಡೆಯುವ ಮೊದಲು ಸಾವಿರ ತಪ್ಪು ಹುಡುಕು. ಒಡೆದ ಮೇಲೆ ಬಾಯಿಂದ ಅಪಶಕುನ ಬರಬಾರದು. ಆಡಿದರೆ ಆಮೇಲೆ ಗಾಡಿಗೆ ಏನಾದರೂ ಅದು ಆಡಿದವನ ಬಾಯಿಂದಲೇ ಆಯಿತು ಅನ್ನುತ್ತಾರೆ. ಅದಕ್ಕೇ ನೋಡುವವನನ್ನು ಪೂಜೆಗೆ ಮೊದಲು ಕರೆಯಬೇಕು, ನೋಡುವವನು ಪೂಜೆಗೆ ಮೊದಲು ಹೋಗಬೇಕು. ಭಾವ ಮುಹೂರ್ತ ಮೀರುತ್ತದೆ ಎಂದು ಅವಸರ ಮಾಡಿದ್ದ, ನಾನು ಬ್ರೇಕು ಕಟ್ಟುತ್ತ ಕೂತಿದ್ದೆ. ಸಂಪ್ರದಾಯದ ಮೇಲೆ ತಪ್ಪು ಹಾಕಿ ಪಾರಾಗುವುದು ಸುಲಭ. ನಾನು ಅಕ್ಕನನ್ನು ಒಳಗೆ ಕರೆದು ಕಿವಿಯಲ್ಲಿ ಹೇಳಬಹುದಿತ್ತು. ಅಷ್ಟು ಜನರ ಮುಂದೆ ಆ ಸಂಭ್ರಮ ಕೆಡಿಸುವ ಧೈರ್ಯ ನನಗೆ ಬರಲಿಲ್ಲ. ಕೆಟ್ಟರೆ ನಾನೇ ಇದ್ದೇನಲ್ಲ, ರಿಪೇರಿ ಮಾಡಿಕೊಟ್ಟರಾಯಿತು ಎಂದೂ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಅಕ್ಕ ಆರತಿ ತಾಟು ಹಿಡಿದು ಹತ್ತಿರ ಬಂದಳು. ಹೊಸ ಸೀರೆ ಉಟ್ಟಿದ್ದಳು.

"ಹ್ಯಾಂಗ ಅದಪ್ಪಾ? ನೀ ಹೇಳಿದ್ರ ಈಗ ಹಾಕಿಬಿಡ್ತೀನಿ."

"ಚಲೋ ಅದ ಅಕ್ಕಾ. ಹಾಕು."

ಅವಳು ತಾಟನ್ನು ನನ್ನ ಕೈಗೆ ಕೊಟ್ಟು ಫೋನು ತೆಗೆದಳು. ಹೆಬ್ಬೆರಳಿಗೆ ಅರಿಶಿನ ಹತ್ತಿತ್ತು, ಫೋನು ಗುರುತು ಹಿಡಿಯಲಿಲ್ಲ. ಸೀರೆಗೆ ಒರೆಸಿಕೊಂಡು ಮತ್ತೆ ಒತ್ತಿದಳು, ಆಗಲೂ ಇಲ್ಲ. ಮೂರನೆಯ ಸಲ ಹಿಡಿಯಿತು. ಆ ಮೂರೂ ಸಲ ನನಗೆ ಬಾಯಿ ಬಿಡಲು ಸಮಯ ಇತ್ತು. ದುಡ್ಡು ಹೋಯಿತು, ಲಾರಿ ಹೊರಟಿತು, ನನಗೆ ಹೋಳಿಗೆ ಬಡಿಸಿದರು.

ಮೊದಲ ನಾಲ್ಕೈದು ಮದುವೆ ಚೆನ್ನಾಗಿ ನಡೆದವು. ಗಾಡಿಗೆ ಇರುವುದೇ ಎರಡು ಸೀಟು, ಒಂದರಲ್ಲಿ ಭಾವ, ಇನ್ನೊಂದರಲ್ಲಿ ಮದುಮಗ. ಮದುಮಗಳು ಎಲ್ಲಿ ಕೂರಬೇಕು ಎಂದು ಭಾವ ಯೋಚಿಸಿಯೇ ಇರಲಿಲ್ಲ. ಹಾಗಾಗಿ ಮದುಮಗ ಒಬ್ಬನೇ ಬರುವ ಬರಾತಿಗೆ ಮಾತ್ರ ಬಾಡಿಗೆ. ರಾಯಚೂರಿನ ವ್ಯಾಪಾರಸ್ಥರ ಮನೆಯ ಬರಾತುಗಳಿಗೆ ಹೋಯಿತು. ಆದರೆ ಬರಾತು ಅಂದರೆ ಏನು? ಮುಂದೆ ಬ್ಯಾಂಡು, ಕುಣಿಯುವ ಹುಡುಗರು, ಹಿಂದೆ ಗಾಡಿ. ತಾಸಿಗೆ ಮುನ್ನೂರು ಕಿಲೋಮೀಟರ್ ವೇಗಕ್ಕೆ ಹುಟ್ಟಿದ ಯಂತ್ರವನ್ನು ಮೂರು ಮೂರು ತಾಸು ಎತ್ತಿನ ಬಂಡಿಗಿಂತ ನಿಧಾನ ನಡೆಸಬೇಕು. ಕಾಲಿನ ಕ್ಲಚ್ ಇಲ್ಲದ, ತಾನೇ ಕ್ಲಚ್ ಹಿಡಿದು ಬಿಡುವ ಗಾಡಿ ಅದು. ಪ್ರತಿ ಹೆಜ್ಜೆಗೂ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಕ್ಲಚ್ಚು ಸವೆಯಿತು. ಮಾನ್ವಿಯ ಗಾಳಿಯಲ್ಲಿ ಹತ್ತಿಯ ಎಳೆ, ರೈಸ್‌ಮಿಲ್ಲಿನ ಹೊಟ್ಟಿನ ಬೂದಿ. ನೆಲಕ್ಕೆ ಅಂಟಿದ ಅದರ ಮೂತಿ ಎಲ್ಲವನ್ನೂ ಎಳೆದುಕೊಂಡಿತು. ಒಂದು ಸಲ ರೇಡಿಯೇಟರಿನಿಂದ ನಾನು ತೆಗೆದ ಹತ್ತಿಯಲ್ಲಿ ಒಂದು ತಲೆದಿಂಬು ತುಂಬಬಹುದಿತ್ತು.

ಇವೆಲ್ಲ ನೋಡಿಕೊಂಡರೆ ತಡೆಯಬಹುದಾದ ರೋಗ. ನೀರು ಕುಡಿದ ರೋಗ ಬೇರೆ. ಅದು ಮೊದಲ ದಿನ ಕಾಣುವುದಿಲ್ಲ, ವೈರಿನೊಳಗೆ ಹಸಿರು ಕಿಲುಬು ಹಿಡಿಯುತ್ತ ಹಿಡಿಯುತ್ತ ಆರೆಂಟು ತಿಂಗಳಿಗೆ ಮೇಲೆ ಬರುತ್ತದೆ. ಮೊದಲು ಒಂದು ಕಿಟಕಿ ಇಳಿಯಲಿಲ್ಲ. ಆಮೇಲೆ ಮೇಲ್ಛಾವಣಿ ಅರ್ಧಕ್ಕೆ ನಿಂತಿತು. ಒಂದು ದಿನ ದೊಡ್ಡ ಮನೆತನದ ಬರಾತಿನ ನಡುವೆ ಗಾಡಿಯ ಎಲ್ಲ ದೀಪ ಒಟ್ಟಿಗೆ ಉರಿದು, ಒಟ್ಟಿಗೆ ಆರಿ, ನಿಂತೇಬಿಟ್ಟಿತು. ಮದುಮಗ ಇಳಿದು ನಡೆದ. ಜನ ಗಾಡಿ ತಳ್ಳಿದರು, ಯಾರೋ ವಿಡಿಯೋ ಮಾಡಿ ಊರೆಲ್ಲ ಹಂಚಿದರು. ಆವತ್ತಿಗೆ ಬಾಡಿಗೆ ಮುಗಿಯಿತು.

ನಾನು ರಿಪೇರಿ ಮಾಡುತ್ತೇನೆ ಅಂದುಕೊಂಡಿದ್ದೆನಲ್ಲ, ಆ ಗಾಡಿ ನನ್ನನ್ನು ಒಳಗೇ ಬಿಡಲಿಲ್ಲ. ಅದರ ಕಂಪ್ಯೂಟರಿನ ಜೊತೆ ಮಾತಾಡುವ ಉಪಕರಣ ನನ್ನಲ್ಲಿ ಇರಲಿಲ್ಲ. ಹೈದರಾಬಾದಿನ ದೊಡ್ಡ ಗ್ಯಾರೇಜಿನವರು ಬಂದು ನೋಡಿ ಹೇಳಿದ ಕ್ಲಚ್ಚು, ವೈರಿಂಗಿನ ಖರ್ಚಿಗೆ ಒಂದು ಸಣ್ಣ ಹೊಸ ಕಾರು ಬರುತ್ತಿತ್ತು. ಗಾಡಿ ಶಾಮಿಯಾನದ ಗೋದಾಮಿನಲ್ಲಿ ಕುರ್ಚಿಗಳ ಪಕ್ಕ ತಾಡಪಾಲು ಹೊದ್ದು ನಿಂತಿತು. ನಾನು ವಾರಕ್ಕೊಮ್ಮೆ ಹೋಗಿ ಬ್ಯಾಟರಿ ಚಾರ್ಜ್ ಮಾಡಿ ಬರುತ್ತಿದ್ದೆ. ಅಕ್ಕ ಪ್ರತಿ ಸಲ ಊಟಕ್ಕೆ ಕೂರಿಸುತ್ತಿದ್ದಳು. ನಿನ್ನ ತಪ್ಪೇನೂ ಇಲ್ಲ, ನಸೀಬು ಎಂದು ನನಗೇ ಸಮಾಧಾನ ಹೇಳುತ್ತಿದ್ದಳು. ನಾನು ತಲೆ ತಗ್ಗಿಸಿ ಉಂಡು ಬಸ್ಸು ಹತ್ತುತ್ತಿದ್ದೆ.

ಮಾರಬೇಕು ಎಂದಾಯಿತು. ಮೊದಲು ಕೊಟ್ಟ ಬೆಲೆಗೇ ಇಟ್ಟ ಭಾವ ತಿಂಗಳಿಗೊಮ್ಮೆ ಇಳಿದ. ಫೋನು ಮಾಡಿದವರೆಲ್ಲ ಸರ್ವಿಸ್ ಮಾಡಿಸಿದ ಕಾಗದ ಕೇಳಿದರು; ಇರಲಿಲ್ಲ. ಅರ್ಧ ಬೆಲೆಗೆ ಇಳಿದಾಗ ದೇವದುರ್ಗದಿಂದ ಒಬ್ಬ ಫೋಟೋಗ್ರಾಫರ್ ಬಂದ. ಮದುವೆಗೆ ಮೊದಲು ಹುಡುಗ ಹುಡುಗಿಯನ್ನು ಗೂಗಲ್ ಎಂಬ ಊರಿನ ಕಡೆ ಹೊಳೆದಂಡೆಗೆ ಕರೆದೊಯ್ದು ಫೋಟೋ ತೆಗೆಯುವುದು ಅವನ ಕಸುಬು. ಗಾಡಿ ಬಹಳ ಓಡಬೇಕಾಗಿಲ್ಲ, ಹಿಂದೆ ನಿಂತು ಹೊಳೆದರೆ ಸಾಕು ಅಂದ. ಭಾವ ನನ್ನನ್ನು ಮೊದಲೇ ಕರೆಸಿದ್ದ. ಏನೂ ಸುಳ್ಳು ಹೇಳುವುದು ಬೇಡ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅಕ್ಕನಿಗೆ ಅರ್ಧ ಸೈಟಾದರೂ ಬರುತ್ತದೆ ಎಂದ. ನಾನು ಒಪ್ಪಿಕೊಂಡೇ ಹೋಗಿದ್ದೆ. ದೇವರಾಣೆ, ಒಪ್ಪಿಕೊಂಡಿದ್ದೆ.

ಆ ಮನುಷ್ಯ ಬಿಳಿ ಅಂಗಿಯಲ್ಲೇ ನೆಲಕ್ಕೆ ಮಲಗಿ ಗಾಡಿಯ ಅಡಿ ನೋಡಿದ. ಏನು ನೋಡಬೇಕು ಎಂದು ಅವನಿಗೆ ಗೊತ್ತಿರಲಿಲ್ಲ. ಎದ್ದು ಬೆನ್ನು ಕೊಡವಿಕೊಂಡು ಭಾವನ ಕಡೆ ತಿರುಗದೆ ನನ್ನ ಕಡೆ ಬಂದ.

"ನಾ ಗಾಡಿ ನೋಡಿ ಬಂದಿಲ್ರಿ, ನೀವದೀರಿ ಅಂತ ಬಂದೀನಿ. ಮನ್ಯಾಗ ಹೆಂಡತಿ ಫೋನ್ ಹಿಡಕೊಂಡು ಕುಂತಾಳ. ಅವರು ಹೂಂ ಅಂದ್ರ ತಗೋ, ಇಲ್ಲಂದ್ರ ಬ್ಯಾಡ ಅಂದಾಳ. ಇದು ನೀರಾಗ ಮುಳುಗಿದ ಗಾಡಿ ಅಲ್ಲ ಅಂತ ಒಂದ ಮಾತು ಹೇಳ್ರಿ, ಸಾಕು."

ಆ ಕಾಣದ ಹೆಂಗಸು ನನ್ನ ಅಕ್ಕನ ಮಾತನ್ನೇ ಆಡಿದ್ದಳು. ನನ್ನ ಕೈಯಲ್ಲಿ ಮತ್ತೆ ಆರತಿ ತಾಟು ಇಟ್ಟ ಹಾಗಾಯಿತು.

"ಮುಳುಗ್ಯಾದ್ರಿ," ಎಂದೆ. "ತಗೋಬ್ಯಾಡ್ರಿ."

ಭಾವ ನನ್ನ ತೋಳು ಹಿಡಿದು ಎಳೆದ. ಅವನ ಮುಖ ಕೆಂಪಾಗಿತ್ತು. "ಹುಚ್ಚು ಹಿಡದದೇನೋ ನಿನಗ? ಮುಳುಗ್ಯಾದ ಅಂತ ನಿನಗ ಯಾರು ಹೇಳಿದ್ರು?"

ಅಲ್ಲಿಗಾದರೂ ನಾನು ನಿಲ್ಲಬೇಕಿತ್ತು. ಈಗೀಗ ಅನುಮಾನ ಬಂತು ಎಂದಿದ್ದರೆ ಮುಗಿಯುತ್ತಿತ್ತು. ಒಂದೂವರೆ ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಒಮ್ಮೆ ಬಾಯಿಗೆ ಬಂದ ಮೇಲೆ ಅರ್ಧಕ್ಕೆ ನಿಲ್ಲಲಿಲ್ಲ.

"ಯಾರೂ ಹೇಳಿಲ್ಲ ಮಾಮಾ. ತಂದ ದಿನಾನ ನನಗ ವಾಸನಿ ಬಂದಿತ್ತು. ಬೆಲ್ಟ್ ಎಳದು ನೋಡಿದ್ದೆ, ರಾಡಿ ಇತ್ತು."

ಅಕ್ಕ ಗೋದಾಮಿನ ಬಾಗಿಲಲ್ಲಿ ಚಹಾದ ಲೋಟಗಳನ್ನು ತಾಟಿನಲ್ಲಿಟ್ಟುಕೊಂಡು ನಿಂತಿದ್ದಳು. ಬಂದವರಿಗೆಂದು ತಂದಿದ್ದಳು. ಯಾವಾಗ ಬಂದಳೋ ನಾನು ನೋಡಿರಲಿಲ್ಲ. ಅವಳು ಕೂಗಲಿಲ್ಲ, ತಾಟು ಬೀಳಿಸಲಿಲ್ಲ. ಅದನ್ನು ಒಂದು ಕುರ್ಚಿಯ ಮೇಲೆ ಇಟ್ಟು ನನ್ನನ್ನೇ ನೋಡಿದಳು.

"ನಾ ನಿನ್ನ ಕೇಳಿದ್ನಲ್ಲೋ," ಎಂದಳು.

ಅಷ್ಟೇ. ಫೋಟೋಗ್ರಾಫರ್ ನನಗೆ ಕೈಮುಗಿದು, ಉಪಕಾರ ಮರೆಯುವುದಿಲ್ಲ ಎಂದು ಹೇಳಿ ಹೋದ. ಭಾವ ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೇಳಬೇಕಾದ ದಿನ ನಾಲಿಗೆ ನುಂಗಿದೆ, ನುಂಗಿದ್ದರೆ ಅಕ್ಕನಿಗೆ ಅರ್ಧ ಸೈಟು ಬರುತ್ತಿದ್ದ ದಿನ ಸತ್ಯ ಹರಿಶ್ಚಂದ್ರನಾದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಅಂದರೆ ಇದೇ. ಆ ಬಡಪಾಯಿಯನ್ನು ಮುಳುಗಿಸಲಿಲ್ಲ ಎಂಬ ಸಮಾಧಾನವನ್ನು ಅಕ್ಕನ ಮುಂದೆ ಯಾವ ಬಾಯಿಂದ ಹೇಳಲಿ?

ಗಾಡಿಯನ್ನು ಕೊನೆಗೆ ಬಿಡಿಭಾಗಕ್ಕೆಂದು ಹೈದರಾಬಾದಿನ ಆ ಗ್ಯಾರೇಜಿನವರೇ ಒಯ್ದರು. ಬಂದ ದುಡ್ಡಿನಲ್ಲಿ ಈಗ ಆ ಕಡೆ ಅಡುಗೆಮನೆಯಷ್ಟು ಜಾಗವೂ ಸಿಗುವುದಿಲ್ಲ. ಸೈಟಿನಲ್ಲಿ ಬೇರೆಯವರ ಮನೆ ಎದ್ದಿದೆ, ಎರಡು ಮಹಡಿ. ಒಮ್ಮೆ ಅಕ್ಕನೂ ನಾನೂ ಒಂದೇ ಬಸ್ಸಿನಲ್ಲಿ ಆ ಕಡೆ ಬಂದೆವು. ಅವಳು ಸೀಟಿನಿಂದ ಏಳಲಿಲ್ಲ, ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಲೇ ಇದ್ದಳು.

ಅವಳು ನನ್ನನ್ನು ದೂರ ಮಾಡಿಲ್ಲ. ಹಬ್ಬಕ್ಕೆ ಕರೆಯುತ್ತಾಳೆ, ಹೋದರೆ ಬಡಿಸುತ್ತಾಳೆ. ಮೊನ್ನೆ ಫೋನು ಮಾಡಿ, ಬಸ್ಸಿನ ಓಡಾಟ ಸಾಕಾಗಿದೆ, ಮಾನ್ವಿಯಲ್ಲೇ ಒಬ್ಬರ ಹತ್ತಿರ ಹಳೆಯ ಸ್ಕೂಟರ್ ಇದೆ, ಬಂದು ನೋಡು ಎಂದಳು. ನನಗೆ ಕಣ್ಣಲ್ಲಿ ನೀರು ಬಂತು. ಆ ದಿನ ಗ್ಯಾರೇಜಿನ ಬಾಗಿಲನ್ನೇ ತೆಗೆಯಲಿಲ್ಲ, ಬೆಳಗಿನ ಮೊದಲ ಬಸ್ಸಿಗೆ ಹೋದೆ. ಎರಡು ತಾಸು ನೋಡಿದೆ. ಸೀಟು ಎತ್ತಿದೆ, ವೈರು ಬಿಚ್ಚಿದೆ, ಎಣ್ಣೆ ಬೆರಳಿಗೆ ಹಚ್ಚಿ ಮೂಸಿದೆ, ಓಡಿಸಿ ಬಂದೆ. ಬಂಗಾರದಂಥ ಗಾಡಿ. ಕಣ್ಣು ಮುಚ್ಚಿ ತಗೋ ಎಂದೆ.

ಅಕ್ಕ ಹೌದಾ ಎಂದು ತಲೆಯಾಡಿಸಿದಳು. ಆಮೇಲೆ ರಸ್ತೆಯ ಆ ಬದಿಯಲ್ಲಿದ್ದ ಪಂಕ್ಚರ್ ಅಂಗಡಿಯ ಕಡೆ ತಿರುಗಿ, ಸಾದಾ ದನಿಯಲ್ಲಿ ಕರೆದಳು.

"ಅಣ್ಣಾರ, ನೀವೂ ಒಂದ್ಸಲ ನೋಡಿ ಹೇಳ್ರಿ."

ಅವನು ಕೈ ಒರೆಸಿಕೊಂಡು ಬಂದ. ಗಾಲಿ ಒತ್ತಿ ನೋಡಿದ, ಒಂದು ಸಲ ಸ್ಟಾರ್ಟ್ ಮಾಡಿದ, ಚಲೋ ಅದರಿ ಟೀಚರ್ ಅಂದ. ಆಗ ಅಕ್ಕ ಫೋನು ತೆಗೆದು ದುಡ್ಡು ಹಾಕಿದಳು.